ಡಿಗ್ ಕಮಾಂಡ್: ಡೊಮೈನ್ ಹೆಸರಿನ ಹಿಂದೆ ಏನಿದೆ ಅಂತ ನೀವೇ ನೋಡಲು ಸಮಗ್ರ ಮಾರ್ಗದರ್ಶಿ

ಪರಿಚಯದವರ ಒಂದು ಸಣ್ಣ ಸಹಕಾರ ಸಂಘದ ವೆಬ್‌ಸೈಟನ್ನು ಹಿಂದೊಮ್ಮೆ ಹೊಸ ಹೋಸ್ಟಿಂಗ್‌ಗೆ ಸಾಗಿಸಿದ್ದೆವು. ಸೈಟು ಚೆನ್ನಾಗಿಯೇ ತೆರೆದುಕೊಂಡಿತು. ಮಾರನೇ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಸರ್, ನಿನ್ನೆ ಸಂಜೆಯಿಂದ ಒಂದು ಮೇಲೂ ಬಂದಿಲ್ಲ." ಹೋಸ್ಟಿಂಗ್ ಕಡೆಯವರನ್ನು ಕೇಳಿದರೆ, "48 ಗಂಟೆ ಕಾಯಿರಿ, ಸರಿಹೋಗುತ್ತೆ" ಅಂದರು. ನಾನು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಒಂದು ಸಾಲು ಟೈಪ್ ಮಾಡಿ ನೋಡಿದೆ. ಉತ್ತರ ಬರಬೇಕಾದ ಜಾಗ ಖಾಲಿ ಇತ್ತು. ನೇಮ್ ಸರ್ವರ್ (ಡೊಮೈನ್‌ನ ವಿವರಗಳನ್ನು ಇಟ್ಟುಕೊಂಡು ಕೇಳಿದವರಿಗೆ ಹೇಳುವ ಯಂತ್ರ) ಬದಲಾಯಿಸುವಾಗ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ರೆಕಾರ್ಡನ್ನು ಹೊಸ ಕಡೆಗೆ ಯಾರೂ ನಕಲು ಮಾಡಿರಲಿಲ್ಲ. ಎರಡು ದಿನವಲ್ಲ, ಎರಡು ವಾರ ಕಾದರೂ ಆ ಮೇಲ್ ಬರುತ್ತಿರಲಿಲ್ಲ.

ಆ ಒಂದು ಸಾಲಿನ ಕಮಾಂಡ್ ಹೆಸರು ಡಿಗ್. ಡೊಮೈನ್ ಹೆಸರಿನ ಬಗ್ಗೆ ಡಿಎನ್‌ಎಸ್ (ಹೆಸರನ್ನು ಇಂಟರ್ನೆಟ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಸರ್ವರ್‌ಗಳನ್ನು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಇದ್ದ ಹಾಗೇ ತೋರಿಸುವುದು ಇದರ ಕೆಲಸ. ಇದು ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶದ ಜೊತೆ ಬರುತ್ತದೆ. ಬೈಂಡ್ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಈಗ ಇಂಟರ್ನೆಟ್ ಸಿಸ್ಟಮ್ಸ್ ಕನ್ಸಾರ್ಟಿಯಂ ಅದನ್ನು ನೋಡಿಕೊಳ್ಳುತ್ತಿದೆ.

ಡಿಗ್ ಕಲಿಯುವುದು ಕಷ್ಟವಲ್ಲ. ಆದರೆ ಒಂದು ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಪ್ರತಿ ಉತ್ತರ ಕಂಡಾಗಲೂ, "ಇದನ್ನು ಹೇಳಿದ್ದು ಯಾರು?" ಅಂತ ನೋಡಬೇಕು. ಡಿಎನ್‌ಎಸ್‌ನಲ್ಲಿ ಒಂದೇ ಪ್ರಶ್ನೆಗೆ ಇಬ್ಬರು ಬೇರೆ ಬೇರೆ ಉತ್ತರ ಕೊಡಬಹುದು, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಗೊಂದಲ ಹುಟ್ಟುವುದೇ ಇಲ್ಲಿ.

ಶುರು ಮಾಡುವ ಮುಂಚೆ

ಈ ಬರಹದಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಮಾಡಿ. ಡಿಗ್ ಅಂದರೆ ಡಿ, ಐ, ಜಿ ಮೂರು ಅಕ್ಷರ. ಪದಗಳ ನಡುವೆ ಬಿಟ್ಟ ಜಾಗ, ಚುಕ್ಕಿ, ಪ್ಲಸ್, ಅಡ್ಡಗೆರೆ, @ ಗುರುತು, ಇವೆಲ್ಲ ಇದ್ದ ಹಾಗೇ ಬರಬೇಕು.

ಮ್ಯಾಕ್‌ನಲ್ಲಿ ಡಿಗ್ ಮೊದಲೇ ಇರುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಇಲ್ಲದಿದ್ದರೆ ಹೀಗೆ ಹಾಕಿಕೊಳ್ಳಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಬೈಂಡ್9-ಡಿಎನ್‌ಎಸ್‌ಯುಟಿಲ್ಸ್

ಫೆಡೋರಾದಲ್ಲಿ ಪ್ಯಾಕೇಜ್ ಹೆಸರು ಬೈಂಡ್-ಯುಟಿಲ್ಸ್. ವಿಂಡೋಸ್ ಬಳಸುವವರಿಗೆ ನನ್ನ ಸಲಹೆ, ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಅದರೊಳಗೆ ಉಬುಂಟುವಿನ ಡಿಗ್ ಬಳಸಿ. ಅದು ಬೇಡ ಅಂದರೆ ವಿಂಡೋಸ್‌ನಲ್ಲೇ ಎನ್‌ಎಸ್‌ಲುಕಪ್ ಇದೆ. ಅವಸರಕ್ಕೆ ಆಗುತ್ತದೆ, ಆದರೆ ಉತ್ತರದ ಒಳವಿವರಗಳನ್ನು ಡಿಗ್‌ನಷ್ಟು ಬಿಚ್ಚಿ ತೋರಿಸುವುದಿಲ್ಲ.

ಹಾಕಿಕೊಂಡ ಮೇಲೆ "ಡಿಗ್ -ವಿ" ಅಂತ ಕೊಡಿ. ಆವೃತ್ತಿ ಸಂಖ್ಯೆ ಬಂದರೆ ಎಲ್ಲ ಸರಿ ಇದೆ.

ಮೊದಲ ಪ್ರಶ್ನೆ

ಕನ್ನಡ ವಿಕಿಪೀಡಿಯದಿಂದಲೇ ಶುರು ಮಾಡೋಣ. ಮೊದಲೆರಡು ಅಕ್ಷರ ಕೆ ಮತ್ತು ಎನ್.

ಡಿಗ್ ಕೆಎನ್.ವಿಕಿಪೀಡಿಯ.ಆರ್ಗ್

ಎಂಟರ್ ಒತ್ತಿದ ತಕ್ಷಣ ಹದಿನೈದು ಇಪ್ಪತ್ತು ಸಾಲು ಒಟ್ಟಿಗೆ ಬಂದು ಬೀಳುತ್ತದೆ. ಗಾಬರಿ ಬೇಡ. ಅರ್ಧವಿರಾಮ (;) ಚಿಹ್ನೆಯಿಂದ ಶುರುವಾಗುವ ಸಾಲುಗಳೆಲ್ಲ ಡಿಗ್ ಬರೆಯುವ ಟಿಪ್ಪಣಿ. ಮೊದಲು 'ಆನ್ಸರ್ ಸೆಕ್ಷನ್' ಅಂತ ಇರುವ ಕಡೆ ಕಣ್ಣು ಹಾಯಿಸಿ. ಭಾರತದಿಂದ ಕೇಳಿದರೆ ಹೆಚ್ಚು ಕಮ್ಮಿ ಹೀಗಿರುತ್ತದೆ:

ಕೆಎನ್.ವಿಕಿಪೀಡಿಯ.ಆರ್ಗ್.  18640  ಐಎನ್  ಸಿನೇಮ್  ಡೈನಾ.ವಿಕಿಮೀಡಿಯ.ಆರ್ಗ್.
ಡೈನಾ.ವಿಕಿಮೀಡಿಯ.ಆರ್ಗ್.  171  ಐಎನ್  ಎ  103.102.166.224

ಎಡದಿಂದ ಬಲಕ್ಕೆ ಐದು ಕಾಲಂ. ಮೊದಲನೆಯದು ಹೆಸರು. ಎರಡನೆಯದು ಟಿಟಿಎಲ್, ಅಂದರೆ ಈ ಉತ್ತರವನ್ನು ಇನ್ನೂ ಎಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಅನ್ನುವ ಲೆಕ್ಕ. ಮೂರನೆಯದು ವರ್ಗ, ಅದು ಯಾವಾಗಲೂ ಐಎನ್ ಅಂದುಕೊಂಡುಬಿಡಿ. ನಾಲ್ಕನೆಯದು ರೆಕಾರ್ಡ್‌ನ ಬಗೆ. ಐದನೆಯದು ನಿಮಗೆ ಬೇಕಾಗಿದ್ದ ಉತ್ತರ.

ಇಲ್ಲಿ ಎರಡು ಸಾಲು ಯಾಕೆ ಬಂತು? ಸಿನೇಮ್ ಅಂದರೆ "ಈ ಹೆಸರು ಬರೀ ಅಡ್ಡಹೆಸರು, ನಿಜವಾದ ಹೆಸರು ಅದು" ಅಂತ. ಬೇರೆ ಬೇರೆ ಭಾಷೆಗಳ ವಿಕಿಪೀಡಿಯ ಹೆಸರುಗಳೆಲ್ಲ ಡೈನಾ ಎಂಬ ಒಂದೇ ಹೆಸರಿನ ಕಡೆ ಕೈ ತೋರಿಸುತ್ತವೆ. ಆ ಡೈನಾ ಹೆಸರಿಗೆ ಎ ರೆಕಾರ್ಡ್ ಇದೆ. ಎ ಅಂದರೆ ಐಪಿ ವಿಳಾಸ, ಇಂಟರ್ನೆಟ್‌ನಲ್ಲಿ ಆ ಯಂತ್ರದ ಅಂಕಿ ವಿಳಾಸ.

ಈಗ ಆ ವಿಳಾಸವನ್ನೇ ತಿರುಗಿಸಿ ಕೇಳೋಣ:

ಡಿಗ್ -ಎಕ್ಸ್ 103.102.166.224

ಇದಕ್ಕೆ ಉತ್ತರವಾಗಿ ಬರುವ ಹೆಸರಿನ ನಡುವೆ 'ಇಕ್ಯೂಎಸ್ಐಎನ್' ಅಂತ ಐದು ಅಕ್ಷರ ಕಾಣುತ್ತದೆ. ವಿಕಿಮೀಡಿಯ ತನ್ನ ಡೇಟಾ ಸೆಂಟರ್‌ಗಳಿಗೆ ಹೆಸರಿಡುವ ರೀತಿ ಹೀಗಿದೆ: ಮೊದಲು ಜಾಗ ಕೊಟ್ಟ ಕಂಪನಿಯ ಎರಡಕ್ಷರ, ಆಮೇಲೆ ಆ ಊರಿನ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತ. ಎಸ್, ಐ, ಎನ್ ಅಂದರೆ ಸಿಂಗಪುರ. ಮೈಸೂರಿನಲ್ಲಿ ಕೂತು ಕನ್ನಡ ವಿಕಿಪೀಡಿಯ ಓದುವವರಿಗೆ ಪುಟ ಸಾಮಾನ್ಯವಾಗಿ ಸಿಂಗಪುರದಿಂದ ಬರುತ್ತದೆ. ಅದೇ ಪ್ರಶ್ನೆಯನ್ನು ನೆದರ್‌ಲ್ಯಾಂಡ್ಸ್‌ನಲ್ಲಿರುವ ನಿಮ್ಮ ಅಕ್ಕ ಕೇಳಿದರೆ ಆಮ್‌ಸ್ಟರ್‌ಡ್ಯಾಮ್ ಕೇಂದ್ರದ ವಿಳಾಸ ಬರುತ್ತದೆ. ಕೇಳುವವರಿಗೆ ಹತ್ತಿರದ ಕೇಂದ್ರವನ್ನು ನೋಡಿ ಉತ್ತರ ಕೊಡುವ ಹಾಗೆ ಆ ಸರ್ವರ್‌ಗಳನ್ನು ಹೊಂದಿಸಿದ್ದಾರೆ. ಒಂದೇ ಪ್ರಶ್ನೆಗೆ ಎರಡು ಸರಿಯುತ್ತರ ಅಂದೆನಲ್ಲ, ಇದೇ ಅದು. ವಿದೇಶದಲ್ಲಿರುವ ಗೆಳೆಯರಿಂದ ಡಿಗ್ ಉತ್ತರ ತರಿಸಿಕೊಂಡು ನಿಮ್ಮದರ ಜೊತೆ ಹೋಲಿಸುವಾಗ ಇದು ನೆನಪಿರಲಿ. ವಿಳಾಸ ಬೇರೆ ಬಂತು ಅಂದ ಮಾತ್ರಕ್ಕೆ ಏನೋ ಕೆಟ್ಟಿದೆ ಅಂತಲ್ಲ.

ತಲೆಬರಹವನ್ನೂ ಓದಿ

ತುಂಬಾ ಜನ ಉತ್ತರದ ಭಾಗ ಮಾತ್ರ ನೋಡಿ ಮೇಲಿನದನ್ನು ಬಿಟ್ಟುಬಿಡುತ್ತಾರೆ. ತೊಂದರೆ ಇದ್ದಾಗ ಸುಳಿವು ಸಿಗುವುದು ಮೇಲೆಯೇ. ಅಲ್ಲಿ 'ಸ್ಟೇಟಸ್' ಅಂತ ಒಂದು ಪದ ಇರುತ್ತದೆ. ಅದರ ಮುಂದೆ ಬರುವುದು ಮುಖ್ಯವಾಗಿ ನಾಲ್ಕು ಬಗೆ.

ನೋಎರರ್ ಅಂದರೆ ಪ್ರಶ್ನೆ, ಉತ್ತರ ಎರಡೂ ಸರಾಗ. ಆದರೆ ಪಕ್ಕದಲ್ಲಿ 'ಆನ್ಸರ್: 0' ಅಂತ ಇದ್ದರೆ, ಹೆಸರು ಇದೆ, ನೀವು ಕೇಳಿದ ಬಗೆಯ ರೆಕಾರ್ಡ್ ಇಲ್ಲ ಅಂತ ಅರ್ಥ. ಸಹಕಾರ ಸಂಘದ ಡೊಮೈನ್‌ನಲ್ಲಿ ನನಗೆ ಕಂಡದ್ದು ಇದೇ.

ಎನ್‌ಎಕ್ಸ್‌ಡೊಮೈನ್ ಅಂದರೆ ಆ ಹೆಸರೇ ಇಲ್ಲ. ಮೊದಲು ಕಾಗುಣಿತ ನೋಡಿಕೊಳ್ಳಿ. ಆಮೇಲೆ ಡೊಮೈನ್ ಅವಧಿ ಮುಗಿದಿದೆಯಾ ನೋಡಿ.

ಸರ್ವ್‌ಫೇಲ್ ಬಂದರೆ ನಿಮ್ಮ ಪರವಾಗಿ ಹುಡುಕಲು ಹೊರಟ ಸರ್ವರ್‌ಗೆ ಉತ್ತರ ತರಲು ಆಗಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತುಹೋಗಿದ್ದವಲ್ಲ, ಆಗ ಫೇಸ್‌ಬುಕ್ ಹೆಸರಿಗೆ ಡಿಗ್ ಕೊಟ್ಟವರಿಗೆ ಕಂಡದ್ದು ಇದೇ ಪದ. ಕಂಪನಿಯ ನೇಮ್ ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್ನೆಟ್‌ನಿಂದ ಅಳಿಸಿಹೋಗಿತ್ತು. ಹೆಸರು ಇತ್ತು, ಹೇಳುವವರು ಕೈಗೆ ಸಿಗುತ್ತಿರಲಿಲ್ಲ.

ರೆಫ್ಯೂಸ್ಡ್ ಅಂದರೆ "ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ" ಅಂತ ಸರ್ವರ್ ನೇರವಾಗಿ ಹೇಳಿದೆ. ತನಗೆ ಸಂಬಂಧವಿಲ್ಲದ ಡೊಮೈನ್ ಬಗ್ಗೆ ನೇಮ್ ಸರ್ವರನ್ನು ಕೇಳಿದರೆ ಸಾಮಾನ್ಯವಾಗಿ ಹೀಗೆ ಬರುತ್ತದೆ.

ಸ್ಟೇಟಸ್ ಕೆಳಗೆ 'ಫ್ಲ್ಯಾಗ್ಸ್' ಎಂಬ ಸಾಲಿದೆ. ಅದರಲ್ಲಿ ಎರಡೆರಡು ಅಕ್ಷರದ ಗುರುತುಗಳು. ನೀವು ಮುಖ್ಯವಾಗಿ ಹುಡುಕಬೇಕಾದದ್ದು 'ಎಎ'. ಇದ್ದರೆ, ಉತ್ತರ ಕೊಟ್ಟದ್ದು ಆ ಡೊಮೈನ್‌ನ ಸ್ವಂತ ನೇಮ್ ಸರ್ವರ್. ಇಲ್ಲದಿದ್ದರೆ, ಯಾರೋ ನಡುವಿನವರು ತಾವು ಆಗಲೋ ಮುಂಚೆಯೋ ಕೇಳಿ ತಿಳಿದದ್ದನ್ನು ಹೇಳಿದ್ದಾರೆ. 'ಎಡಿ' ಗುರುತು ಇದ್ದರೆ ಉತ್ತರದ ಡಿಜಿಟಲ್ ಸಹಿಯನ್ನು ರಿಸಾಲ್ವರ್ (ನಿಮ್ಮ ಪರವಾಗಿ ಉತ್ತರ ಹುಡುಕಿ ತರುವ ನಡುವಿನ ಸರ್ವರ್) ಪರೀಕ್ಷಿಸಿದೆ, ಅಂದರೆ ಡಿಎನ್‌ಎಸ್‌ಸೆಕ್ ಪಾಸಾಗಿದೆ.

ಕೊನೆಯಲ್ಲಿ 'ಸರ್ವರ್' ಅಂತ ಒಂದು ಸಾಲು ಬರುತ್ತದೆ. ಉತ್ತರ ಕೊಟ್ಟವರ ವಿಳಾಸ ಅದು. ಉಬುಂಟುವಿನಲ್ಲಿ ಸಾಮಾನ್ಯವಾಗಿ 127.0.0.53 ಅಂತ ಇರುತ್ತದೆ. ಅದು ಹೊರಗಿನ ಸರ್ವರ್ ಅಲ್ಲ, ನಿಮ್ಮ ಕಂಪ್ಯೂಟರ್ ಒಳಗೇ ಕೂತಿರುವ ಒಂದು ಪುಟ್ಟ ಮಧ್ಯವರ್ತಿ. ಮನೆಯ ವೈಫೈನಲ್ಲಿ 192.168 ಅಂತ ಶುರುವಾದರೆ ಉತ್ತರ ರೂಟರ್ ಮೂಲಕ ಬಂದಿದೆ.

ಬೇರೆ ಬೇರೆ ರೆಕಾರ್ಡ್ ಕೇಳುವುದು

ಏನೂ ಹೇಳದಿದ್ದರೆ ಡಿಗ್ ಎ ರೆಕಾರ್ಡ್ ಕೇಳುತ್ತದೆ. ಬೇರೆಯದು ಬೇಕಾದರೆ ಹೆಸರಿನ ಮುಂದೆ ಬಗೆಯನ್ನು ಸೇರಿಸಿ. ಮೇಲ್ ವಿಷಯ ನೋಡೋಣ:

ಡಿಗ್ ಜಿಮೇಲ್.ಕಾಮ್ ಎಂಎಕ್ಸ್

ಐದು ಸಾಲು ಬರುತ್ತದೆ. ಪ್ರತಿ ಸರ್ವರ್ ಹೆಸರಿನ ಹಿಂದೆ ಒಂದು ಅಂಕಿ: 5, 10, 20, 30, 40. ಅಂಕಿ ಚಿಕ್ಕದಿದ್ದಷ್ಟೂ ಸರದಿ ಮೊದಲು. ಮೇಲ್ ಕಳಿಸುವವರು ಮೊದಲು 5ರ ಬಾಗಿಲು ತಟ್ಟುತ್ತಾರೆ. ಅಲ್ಲಿ ಆಗದಿದ್ದರೆ 10, ಹೀಗೆ.

ಎಂಎಕ್ಸ್ ಇಲ್ಲವೇ ಇಲ್ಲ ಅಂದರೆ ಏನಾಗುತ್ತದೆ? ಕಳಿಸುವ ಸರ್ವರ್ ಆ ಡೊಮೈನ್‌ನ ಎ ರೆಕಾರ್ಡ್‌ನಲ್ಲಿರುವ ವಿಳಾಸಕ್ಕೇ ಮೇಲ್ ತಲುಪಿಸಲು ನೋಡುತ್ತದೆ. ಸಹಕಾರ ಸಂಘದ ಮೇಲ್‌ಗಳೂ ಹಾಗೇ ಹೊಸ ವೆಬ್ ಸರ್ವರ್ ಹತ್ತಿರ ಹೋಗಿ ನಿಂತಿದ್ದವು. ಅಲ್ಲಿ ಮೇಲ್ ತೆಗೆದುಕೊಳ್ಳುವ ಸೇವೆಯೇ ಇರಲಿಲ್ಲ. ಮೇಲ್ ಸರ್ವರ್‌ಗಳು ಸೋತ ತಕ್ಷಣ ಕೈಬಿಡುವುದಿಲ್ಲ, ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಎಂಎಕ್ಸ್ ಸೇರಿಸಿದ ಮೇಲೆ ಬಾಕಿ ಇದ್ದ ಮೇಲ್‌ಗಳೆಲ್ಲ ಒಂದೊಂದಾಗಿ ಬಂದವು. ಕಾರ್ಯದರ್ಶಿಗಳ ದನಿ ಆಗ ತಣ್ಣಗಾಯಿತು.

"ನಮಗೆ ಮೇಲ್ ಬೇಡವೇ ಬೇಡ" ಅಂತ ಹೇಳುವ ಕ್ರಮವೂ ಇದೆ. ಎಕ್ಸಾಂಪಲ್.ಕಾಮ್‌ಗೆ ಎಂಎಕ್ಸ್ ಕೇಳಿ. ಉತ್ತರದಲ್ಲಿ ಒಂದು ಸೊನ್ನೆ, ಅದರ ಮುಂದೆ ಬರೀ ಒಂದು ಚುಕ್ಕಿ. ಇದು ಖಾಲಿ ಉತ್ತರವಲ್ಲ, ಬೇಕಂತಲೇ ಬರೆದದ್ದು.

ನಿಮ್ಮ ಮೇಲ್ ಬೇರೆಯವರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತಿದ್ದರೆ ಟಿಎಕ್ಸ್‌ಟಿ ರೆಕಾರ್ಡ್ ನೋಡಬೇಕು.

ಡಿಗ್ ಜಿಮೇಲ್.ಕಾಮ್ ಟಿಎಕ್ಸ್‌ಟಿ

ಇದರಲ್ಲಿ 'ವಿ=ಎಸ್‌ಪಿಎಫ್1' ಅಂತ ಶುರುವಾಗುವ ಸಾಲು, ಈ ಡೊಮೈನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾರಿಗೆ ಅನುಮತಿ ಇದೆ ಅಂತ ಹೇಳುತ್ತದೆ. ಅಂಥ ಸಾಲು ಒಂದು ಹೆಸರಿಗೆ ಒಂದೇ ಇರಬೇಕು. ಎರಡು ಮೇಲ್ ಸೇವೆ ಬಳಸುವವರು ಎರಡು ಸಾಲು ಹಾಕಿಬಿಡುತ್ತಾರೆ, ಆಗ ಪರೀಕ್ಷೆ ಮಾಡುವವರು ತಪ್ಪು ಅಂತ ಹೇಳಿ ಎರಡನ್ನೂ ಬಿಡುತ್ತಾರೆ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿ. ಡಿಮಾರ್ಕ್ ನಿಯಮ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ) ಬೇರೆ ಜಾಗದಲ್ಲಿರುತ್ತದೆ: ಡೊಮೈನ್‌ನ ಹಿಂದೆ ಒಂದು ಕೆಳಗೆರೆ, ಡಿಮಾರ್ಕ್, ಚುಕ್ಕಿ ಸೇರಿಸಿ ಟಿಎಕ್ಸ್‌ಟಿ ಕೇಳಬೇಕು.

ಡಿಗ್ _ಡಿಮಾರ್ಕ್.ಜಿಮೇಲ್.ಕಾಮ್ ಟಿಎಕ್ಸ್‌ಟಿ

ನೇಮ್ ಸರ್ವರ್‌ಗಳಿಗೆ ಎನ್‌ಎಸ್, ಹೊಸ ಬಗೆಯ ಉದ್ದ ಐಪಿ ವಿಳಾಸಕ್ಕೆ ಎಎಎಎ, ಅಂದರೆ ನಾಲ್ಕು ಎ. ಎಲ್ಲವನ್ನೂ ಒಂದೇ ಸಲ ತರಲು 'ಎನಿ' ಅಂತ ಒಂದು ಬಗೆ ಇದೆ ಅಂತ ಹಳೆಯ ಪಾಠಗಳಲ್ಲಿ ಓದಿರುತ್ತೀರಿ. ಅದನ್ನು ನಂಬಬೇಡಿ. ಎಲ್ಲ ರೆಕಾರ್ಡ್ ಕೊಡದೆ ಚುಟುಕು ಉತ್ತರ ಕೊಡಬಹುದು ಅಂತ 2019ರಲ್ಲಿ ನಿಯಮವೇ ಬಂದಿದೆ. ಬೇಕಾದ್ದನ್ನು ಹೆಸರು ಹಿಡಿದು ಕೇಳಿ.

ಉತ್ತರ ಮಾತ್ರ ಸಾಕು ಅನ್ನುವಾಗ ಕೊನೆಯಲ್ಲಿ +ಶಾರ್ಟ್ ಸೇರಿಸಿ. ಬರೀ ವಿಳಾಸ ಬರುತ್ತದೆ. ನನಗೆ ಹೆಚ್ಚು ಇಷ್ಟವಾಗುವುದು +ನೋಆಲ್ +ಆನ್ಸರ್ ಜೋಡಿ. ಟಿಪ್ಪಣಿಗಳು ಹೋಗುತ್ತವೆ, ಟಿಟಿಎಲ್ ಉಳಿಯುತ್ತದೆ. ಪ್ರತಿ ಸಲ ಟೈಪ್ ಮಾಡುವುದು ಬೇಸರವಾದರೆ ಹೋಮ್ ಫೋಲ್ಡರ್‌ನಲ್ಲಿ .ಡಿಗ್‌ಆರ್‌ಸಿ ಎಂಬ ಫೈಲ್ ಮಾಡಿ, ಈ ಎರಡು ಪದ ಬರೆದಿಡಿ. ಆದರೆ ತೊಂದರೆ ಹುಡುಕುವಾಗ +ಶಾರ್ಟ್ ಬೇಡ. ಎನ್‌ಎಕ್ಸ್‌ಡೊಮೈನ್ ಆಗಲಿ ಸರ್ವ್‌ಫೇಲ್ ಆಗಲಿ ಅದರಲ್ಲಿ ಕಾಣುವುದಿಲ್ಲ, ಎರಡಕ್ಕೂ ಖಾಲಿ ಸಾಲೇ ಬರುತ್ತದೆ.

ಯಾರನ್ನು ಕೇಳಬೇಕು ಅಂತ ನೀವೇ ಹೇಳಿ

ಇದುವರೆಗೆ ನಿಮ್ಮ ಕಂಪ್ಯೂಟರ್ ಯಾರನ್ನು ಕೇಳುತ್ತದೋ ಅವರನ್ನೇ ಡಿಗ್ ಕೂಡ ಕೇಳಿತು. @ ಗುರುತು ಹಾಕಿದರೆ ಆಯ್ಕೆ ನಿಮ್ಮದು.

ಡಿಗ್ @8.8.8.8 ಕೆಎನ್.ವಿಕಿಪೀಡಿಯ.ಆರ್ಗ್
ಡಿಗ್ @1.1.1.1 ಕೆಎನ್.ವಿಕಿಪೀಡಿಯ.ಆರ್ಗ್

ಮೊದಲನೆಯದು ಗೂಗಲ್ 2009ರಿಂದ ನಡೆಸುತ್ತಿರುವ ಸಾರ್ವಜನಿಕ ರಿಸಾಲ್ವರ್. ಎರಡನೆಯದು ಕ್ಲೌಡ್‌ಫ್ಲೇರ್ ಎಂಬ ಕಂಪನಿಯದು, 2018ರಲ್ಲಿ ಶುರುವಾಯಿತು. ಮನೆಯ ಇಂಟರ್ನೆಟ್‌ನಲ್ಲಿ ಒಂದು ಸೈಟು ತೆರೆಯುತ್ತಿಲ್ಲ, ಆದರೆ ಈ ಎರಡರಲ್ಲೂ ಉತ್ತರ ಬರುತ್ತಿದೆ ಅಂದರೆ ತೊಂದರೆ ನಿಮ್ಮ ಇಂಟರ್ನೆಟ್ ಕಂಪನಿಯ ರಿಸಾಲ್ವರ್ ಕಡೆ ಇದೆ ಅಂತ ಅನುಮಾನಿಸಬಹುದು.

ಆದರೆ ಇವರೂ ನಡುವಿನವರೇ. ಮೂಲದವರನ್ನು ಕೇಳಬೇಕಾದರೆ ಎರಡು ಹೆಜ್ಜೆ. ಮೊದಲು ನೇಮ್ ಸರ್ವರ್ ಯಾರು ಅಂತ ತಿಳಿದುಕೊಳ್ಳಿ:

ಡಿಗ್ ವಿಕಿಪೀಡಿಯ.ಆರ್ಗ್ ಎನ್‌ಎಸ್ +ಶಾರ್ಟ್

ಎನ್‌ಎಸ್0, ಎನ್‌ಎಸ್1, ಎನ್‌ಎಸ್2 ಅಂತ ವಿಕಿಮೀಡಿಯದ ಮೂರು ಹೆಸರು ಬರುತ್ತದೆ. ಅದರಲ್ಲಿ ಒಂದನ್ನು ಹಿಡಿದು ನೇರವಾಗಿ ಕೇಳಿ:

ಡಿಗ್ @ಎನ್‌ಎಸ್0.ವಿಕಿಮೀಡಿಯ.ಆರ್ಗ್ ಕೆಎನ್.ವಿಕಿಪೀಡಿಯ.ಆರ್ಗ್

ಈಗ ಫ್ಲ್ಯಾಗ್ಸ್ ಸಾಲಿನಲ್ಲಿ 'ಎಎ' ಕಾಣಬೇಕು. ನಿಮ್ಮ ಸ್ವಂತ ಡೊಮೈನ್‌ನಲ್ಲಿ ರೆಕಾರ್ಡ್ ಬದಲಾಯಿಸಿದಾಗ ಮೊದಲು ನೋಡಬೇಕಾದ್ದು ಇಲ್ಲಿ. ಮೂಲದಲ್ಲೇ ತಪ್ಪಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಮೂಲದಲ್ಲಿ ಸರಿ ಇದ್ದು ಬೇರೆ ಕಡೆ ಹಳೆಯದು ಕಂಡರೆ ಮಾತ್ರ ಕಾಯಬೇಕು. ಎಷ್ಟು ಹೊತ್ತು ಅಂತಲೂ ಡಿಗ್ ಹೇಳುತ್ತದೆ.

ಆ 48 ಗಂಟೆ ಎಲ್ಲಿಂದ ಬಂತು?

"ಡಿಎನ್‌ಎಸ್ ಬದಲಾವಣೆ ಜಗತ್ತಿಗೆಲ್ಲ ಹರಡಬೇಕು, ಅದಕ್ಕೆ ಟೈಮ್ ಬೇಕು" ಅನ್ನುತ್ತಾರೆ. ಈ ಮಾತು ದಾರಿ ತಪ್ಪಿಸುತ್ತದೆ. ಯಾವುದೂ ಹರಡುವುದಿಲ್ಲ. ಬದಲಾವಣೆ ನಿಮ್ಮ ನೇಮ್ ಸರ್ವರ್‌ನಲ್ಲಿ ಆಗುತ್ತದೆ, ಅಲ್ಲಿಗೆ ಮುಗಿಯಿತು. ಅದನ್ನು ಯಾರೂ ಊರೂರಿಗೆ ಹಂಚುವುದಿಲ್ಲ. ಹಳೆಯ ಉತ್ತರವನ್ನು ಮುಂಚೆ ಕೇಳಿ ಇಟ್ಟುಕೊಂಡಿದ್ದ ರಿಸಾಲ್ವರ್‌ಗಳಲ್ಲಿ ಆ ಹಳೆಯ ಪ್ರತಿಯ ಅವಧಿ ಮುಗಿಯಬೇಕು, ಅಷ್ಟೇ. ಆ ಅವಧಿಯೇ ಟಿಟಿಎಲ್.

ಇದನ್ನು ಕಣ್ಣಾರೆ ನೋಡಬಹುದು. ಮನೆಯ ಕನೆಕ್ಷನ್‌ನಲ್ಲಿ ಒಂದೇ ಡಿಗ್ ಪ್ರಶ್ನೆಯನ್ನು ಹತ್ತು ಸೆಕೆಂಡು ಬಿಟ್ಟು ಎರಡು ಸಲ ಕೇಳಿ. ಮೊದಲ ಸಲ 171 ಇದ್ದದ್ದು ಎರಡನೇ ಸಲ 161 ಆಗಿರುತ್ತದೆ. ಸೊನ್ನೆ ಮುಟ್ಟಿದ ಮೇಲೆ ರಿಸಾಲ್ವರ್ ಮತ್ತೆ ಮೂಲಕ್ಕೆ ಹೋಗಿ ಹೊಸದಾಗಿ ಕೇಳಿ ಬರುತ್ತದೆ. 8.8.8.8 ಅನ್ನು ಕೇಳಿದಾಗ ಅಂಕಿ ಇಳಿಯುವ ಬದಲು ಒಮ್ಮೊಮ್ಮೆ ಏರಿದಂತೆ ಕಾಣಬಹುದು. ಆ ಒಂದು ವಿಳಾಸದ ಹಿಂದೆ ತುಂಬಾ ಯಂತ್ರಗಳಿವೆ, ಒಂದೊಂದರ ಲೆಕ್ಕ ಒಂದೊಂದು. ಮೂಲದ ನೇಮ್ ಸರ್ವರನ್ನೇ ಕೇಳಿದರೆ ಅಂಕಿ ಇಳಿಯುವುದಿಲ್ಲ, ಪ್ರತಿ ಸಲವೂ ಪೂರ್ತಿ ಟಿಟಿಎಲ್ ಬರುತ್ತದೆ.

48 ಗಂಟೆ ಅನ್ನುವ ಮಾತಿಗೆ ಆಧಾರ ಇಲ್ಲದೇ ಇಲ್ಲ. ಡಾಟ್ ಕಾಮ್ ಸರ್ವರ್‌ಗಳು "ಈ ಡೊಮೈನ್‌ನ ನೇಮ್ ಸರ್ವರ್ ಇವರು" ಅಂತ ಹೇಳುವಾಗ ಕೊಡುವ ಟಿಟಿಎಲ್ 172800 ಸೆಕೆಂಡು. ಭಾಗಿಸಿ ನೋಡಿ, ಸರಿಯಾಗಿ 48 ಗಂಟೆ. ಹಾಗಾಗಿ ನೇಮ್ ಸರ್ವರನ್ನೇ ಬದಲಾಯಿಸಿದ್ದರೆ ಎರಡು ದಿನ ಕಾಯಿರಿ ಅನ್ನುವುದು ನ್ಯಾಯವಾದ ಮಾತು. ಬರೀ ಒಂದು ಎ ರೆಕಾರ್ಡ್ ಬದಲಾಯಿಸಿದ್ದಕ್ಕೆ ಯಾರಾದರೂ 48 ಗಂಟೆ ಅಂದರೆ, ಆ ರೆಕಾರ್ಡ್‌ನ ಟಿಟಿಎಲ್ ಎಷ್ಟು ಅಂತ ನೀವೇ ನೋಡಿ. 300 ಇದ್ದರೆ ಐದು ನಿಮಿಷದ ಮಾತು.

ಇದರಿಂದ ಒಂದು ಒಳ್ಳೆಯ ಕ್ರಮ ಸಿಗುತ್ತದೆ. ಸೈಟು ಸಾಗಿಸುವ ಮುಂಚೆ ರೆಕಾರ್ಡ್‌ನ ಟಿಟಿಎಲ್ ನೋಡಿ. 86400 ಇದ್ದರೆ ಅದು ಒಂದು ದಿನ. ಅದನ್ನು 300ಕ್ಕೆ ಇಳಿಸಿ. ಹಳೆಯ ಪ್ರತಿಗಳ ಅವಧಿ ಮುಗಿಯಲು ಒಂದು ದಿನ ಪೂರ್ತಿ ಬಿಡಿ. ಆಮೇಲೆ ವಿಳಾಸ ಬದಲಾಯಿಸಿ. ಏನಾದರೂ ಎಡವಟ್ಟಾದರೆ ಐದು ನಿಮಿಷದಲ್ಲಿ ವಾಪಸ್ ಬರಬಹುದು. ಎಲ್ಲ ಸರಿ ಅನ್ನಿಸಿದ ಮೇಲೆ ಟಿಟಿಎಲ್ ಮತ್ತೆ ಏರಿಸಿ.

ಇಲ್ಲ ಅನ್ನುವ ಉತ್ತರವೂ ನೆನಪಲ್ಲಿ ಉಳಿಯುತ್ತದೆ. ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹೊಸ ಉಪಡೊಮೈನ್ ಸೇರಿಸುವ ಮುಂಚೆಯೇ "ಸುಮ್ನೆ ಒಂದ್ಸಲ ನೋಡೋಣ" ಅಂತ ಡಿಗ್ ಕೊಟ್ಟರೆ ಎನ್‌ಎಕ್ಸ್‌ಡೊಮೈನ್ ಬರುತ್ತದೆ. ನಿಮ್ಮ ರಿಸಾಲ್ವರ್ ಆ 'ಇಲ್ಲ'ವನ್ನೂ ಇಟ್ಟುಕೊಳ್ಳುತ್ತದೆ. ಆಮೇಲೆ ರೆಕಾರ್ಡ್ ಸೇರಿಸಿದರೂ ನಿಮಗೆ ಮಾತ್ರ ಕಾಣುವುದಿಲ್ಲ. ಎಷ್ಟು ಹೊತ್ತು ಅಂತ ಎಸ್‌ಒಎ ರೆಕಾರ್ಡ್ (ಡೊಮೈನ್ ನಿರ್ವಹಣೆಯ ಮೂಲ ವಿವರ ಇರುವ ರೆಕಾರ್ಡ್) ಹೇಳುತ್ತದೆ:

ಡಿಗ್ ವಿಕಿಪೀಡಿಯ.ಆರ್ಗ್ ಎಸ್‌ಒಎ +ಮಲ್ಟಿಲೈನ್

+ಮಲ್ಟಿಲೈನ್ ಹಾಕಿದರೆ ಪ್ರತಿ ಅಂಕಿಯ ಮುಂದೆ ಅದು ಏನು ಅಂತ ಬರೆದಿರುತ್ತದೆ. ಕೊನೆಯ ಅಂಕಿ ಮತ್ತು ಆ ಸಾಲಿನದೇ ಟಿಟಿಎಲ್, ಇವೆರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಸೆಕೆಂಡು 'ಇಲ್ಲ' ಉಳಿಯಬಹುದು. ಅದಕ್ಕೇ ಹೇಳುವುದು: ಮೊದಲು ಸೇರಿಸಿ, ಆಮೇಲೆ ನೋಡಿ. ನೋಡುವಾಗಲೂ ಮೊದಲು ಮೂಲದವರ ಹತ್ತಿರ.

ಬುಡದಿಂದ ಹಿಡಿದು ಬರುವುದು

ಉತ್ತರ ಎಲ್ಲಿ ತಪ್ಪುತ್ತಿದೆ ಅಂತ ತಿಳಿಯದಿದ್ದಾಗ +ಟ್ರೇಸ್ ಬಳಸಿ.

ಡಿಗ್ +ಟ್ರೇಸ್ ಕೆಎನ್.ವಿಕಿಪೀಡಿಯ.ಆರ್ಗ್

ಈಗ ಡಿಗ್ ನಡುವಿನವರನ್ನು ನಂಬುವುದಿಲ್ಲ. ರೂಟ್ ಸರ್ವರ್‌ಗಳ (ಡಿಎನ್‌ಎಸ್‌ನ ಬುಡದಲ್ಲಿರುವ ಸರ್ವರ್‌ಗಳು) ಪಟ್ಟಿಯನ್ನು ಮಾತ್ರ ನಿಮ್ಮ ರಿಸಾಲ್ವರ್ ಹತ್ತಿರ ತೆಗೆದುಕೊಂಡು, ಅಲ್ಲಿಂದ ತಾನೇ ಹೊರಡುತ್ತದೆ. ರೂಟ್ ಸರ್ವರ್ ಹೆಸರುಗಳು 13, ಎ ಇಂದ ಎಂ ತನಕ. ಹೆಸರು 13 ಆದರೂ ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಅವುಗಳ ಪ್ರತಿಗಳು ಬಹಳ ಇವೆ. ರೂಟ್‌ಗೆ ಕನ್ನಡ ವಿಕಿಪೀಡಿಯ ಗೊತ್ತಿಲ್ಲ. "ಡಾಟ್ ಆರ್ಗ್ ನೋಡಿಕೊಳ್ಳುವವರು ಇವರು, ಅವರನ್ನು ಕೇಳು" ಅನ್ನುತ್ತದೆ. ಅವರು ವಿಕಿಮೀಡಿಯದ ನೇಮ್ ಸರ್ವರ್ ಕಡೆ ಕಳಿಸುತ್ತಾರೆ. ಅಲ್ಲಿ ಉತ್ತರ ಸಿಗುತ್ತದೆ. ಗೊತ್ತಿಲ್ಲದ ಊರಿನಲ್ಲಿ ವಿಳಾಸ ಕೇಳುತ್ತಾ ಹೋದ ಹಾಗೆ. ಬಸ್ ಸ್ಟ್ಯಾಂಡಿನಲ್ಲಿ ಬಡಾವಣೆ ಹೇಳುತ್ತಾರೆ, ಬಡಾವಣೆಯ ಅಂಗಡಿಯವರು ಬೀದಿ ಹೇಳುತ್ತಾರೆ, ಬೀದಿಯವರು ಮನೆ ತೋರಿಸುತ್ತಾರೆ.

ಈ ಸರಪಳಿ ಎಲ್ಲಿ ನಿಂತಿತು ಅಂತ ನೋಡಿ. ಡಾಟ್ ಕಾಮ್ ಸರ್ವರ್ ಇನ್ನೂ ಹಳೆಯ ಹೋಸ್ಟಿಂಗ್ ಕಡೆಗೇ ಕಳಿಸುತ್ತಿದ್ದರೆ, ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿಕೊಟ್ಟ ಕಂಪನಿ) ಖಾತೆಯಲ್ಲಿ ನೇಮ್ ಸರ್ವರ್ ಬದಲಾಗಿಲ್ಲ ಅಂತ ಅರ್ಥ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಎಷ್ಟು ಸಲ ತಿದ್ದಿದರೂ ಪ್ರಯೋಜನವಿಲ್ಲ. ಇನ್ನು ಕೆಲವು ಕಚೇರಿಗಳ ನೆಟ್‌ವರ್ಕ್ ಹೊರಗಿನ, ಡಿಎನ್‌ಎಸ್ ಪ್ರಶ್ನೆಗಳು ಹೋಗುವ 53ನೇ ಪೋರ್ಟ್‌ಗೆ ಹೋಗಲು ಬಿಡುವುದಿಲ್ಲ. ಅಲ್ಲಿ ಟ್ರೇಸ್ ಕೊಟ್ಟರೆ 'ಟೈಮ್ಡ್ ಔಟ್' ಅಂತ ನಿಂತುಬಿಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಂದು ಸಲ ನೋಡಿ.

ಸರ್ವ್‌ಫೇಲ್ ಬಂದಾಗ ಇನ್ನೊಂದು ಪರೀಕ್ಷೆ ಇದೆ. ಅದೇ ಕಮಾಂಡ್‌ಗೆ +ಸಿಡಿ ಸೇರಿಸಿ. "ಸಹಿ ಪರೀಕ್ಷೆ ಮಾಡಬೇಡ, ಸಿಕ್ಕಿದ್ದನ್ನು ಕೊಡು" ಅಂತ ರಿಸಾಲ್ವರ್‌ಗೆ ಹೇಳಿದ ಹಾಗೆ. ಈಗ ಉತ್ತರ ಬಂದರೆ ತೊಂದರೆ ಡಿಎನ್‌ಎಸ್‌ಸೆಕ್ ಸಹಿಯಲ್ಲಿದೆ. ಹೋಸ್ಟಿಂಗ್ ಬದಲಾಯಿಸಿ, ರಿಜಿಸ್ಟ್ರಾರ್ ಹತ್ತಿರ ಹಳೆಯ ಡಿಎಸ್ ರೆಕಾರ್ಡ್ (ಸಹಿಯ ಕೀಲಿಯ ಗುರುತು) ಹಾಗೇ ಬಿಟ್ಟವರಿಗೆ ಹೀಗಾಗುತ್ತದೆ.

ಡಿಗ್ ಒಂದು ಹೇಳುತ್ತದೆ, ಬ್ರೌಸರ್ ಇನ್ನೊಂದು ಹೇಳುತ್ತದೆ

ಡಿಗ್‌ನಲ್ಲಿ ಹೊಸ ವಿಳಾಸ ಬರುತ್ತಿದೆ, ಬ್ರೌಸರ್ ಮಾತ್ರ ಹಳೆಯ ಸೈಟನ್ನೇ ತೋರಿಸುತ್ತಿದೆ. ಆಗ ಮೊದಲು ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲ್ ತೆರೆದು ನೋಡಿ. ಡಿಎನ್‌ಎಸ್ ಬರುವ ಮುಂಚೆ ಇಡೀ ನೆಟ್‌ವರ್ಕ್‌ನ ಹೆಸರುಗಳೆಲ್ಲ ಒಂದೇ ಪಠ್ಯ ಫೈಲಿನಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಅದನ್ನು ತಿದ್ದುತ್ತಿದ್ದರು, ಉಳಿದವರು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಾದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದ್ದು ಅದಕ್ಕೇ. ಆ ಹಳೆಯ ಫೈಲಿನ ಕುಡಿ ಇವತ್ತಿಗೂ ಪ್ರತಿ ಕಂಪ್ಯೂಟರ್‌ನಲ್ಲಿದೆ. ಬ್ರೌಸರ್ ಸಾಮಾನ್ಯವಾಗಿ ಅದನ್ನು ನೋಡುತ್ತದೆ. ಡಿಗ್ ನೋಡುವುದೇ ಇಲ್ಲ, ನೇರ ಸರ್ವರ್ ಹತ್ತಿರ ಹೋಗುತ್ತದೆ. ಸೈಟು ಪರೀಕ್ಷಿಸಲು ಹಿಂದೆ ಯಾವಾಗಲೋ ಒಂದು ಸಾಲು ಸೇರಿಸಿ ಮರೆತಿದ್ದರೆ ಅದು ಅಲ್ಲೇ ಕೂತಿರುತ್ತದೆ. ಲಿನಕ್ಸ್‌ನಲ್ಲಿ 'ಗೆಟೆಂಟ್ ಹೋಸ್ಟ್ಸ್' ಮುಂದೆ ಡೊಮೈನ್ ಹೆಸರು ಕೊಟ್ಟರೆ ಆ ಫೈಲನ್ನೂ ಸೇರಿಸಿ ನೋಡಿದ ಉತ್ತರ ಸಿಗುತ್ತದೆ.

ಎರಡನೆಯ ಕಾರಣ ಬ್ರೌಸರ್‌ನ 'ಸೆಕ್ಯೂರ್ ಡಿಎನ್‌ಎಸ್' ಸೆಟ್ಟಿಂಗ್. ಅದು ಆನ್ ಇದ್ದರೆ ಬ್ರೌಸರ್ ನಿಮ್ಮ ಕಂಪ್ಯೂಟರ್ ಕೇಳುವವರನ್ನು ಬಿಟ್ಟು ಬೇರೆ ಯಾರನ್ನೋ ಕೇಳುತ್ತಿರಬಹುದು. ಮತ್ತೆ ಅದೇ ಪ್ರಶ್ನೆ ಅಲ್ವಾ, ಹೇಳಿದ್ದು ಯಾರು?

ಡೊಮೈನ್ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಡಿಗ್‌ಗೆ ಗೊತ್ತಿಲ್ಲ. ಅದಕ್ಕೆ ಹೂಇಸ್ ಎಂಬ ಬೇರೆ ಕಮಾಂಡ್ ಇದೆ. ಈಗ ಖಾಸಗಿತನದ ಕಾರಣಕ್ಕೆ ಮಾಲೀಕರ ವಿವರ ಬಹುತೇಕ ಮುಚ್ಚಿರುತ್ತದೆ. ಆದರೆ ರಿಜಿಸ್ಟ್ರಾರ್ ಹೆಸರು, ಮುಗಿಯುವ ದಿನಾಂಕ ಸಿಗುತ್ತದೆ. ಡಾಟ್ ಕಾಮ್‌ನಂಥ ಸಾಮಾನ್ಯ ವಲಯಗಳಿಗೆ ಹೂಇಸ್ ಕೊಡಲೇಬೇಕೆಂಬ ಕಡ್ಡಾಯ 2025ರ ಜನವರಿ 28ಕ್ಕೆ ಮುಗಿದಿದೆ. ಅದರ ಜಾಗಕ್ಕೆ, ಅದೇ ಮಾಹಿತಿ ಕೊಡುವ ಆರ್‌ಡಿಎಪಿ ಎಂಬ ಹೊಸ ಕ್ರಮ ಬಂದಿದೆ.

ಕನ್ನಡ ಅಕ್ಷರದ ಡೊಮೈನ್ ಕೇಳುವುದು

ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಕೈಯಲ್ಲೇ .ಭಾರತ ಕೂಡ ಇದೆ, ನಮ್ಮ ಲಿಪಿಯಲ್ಲೇ. ಆದರೆ ಡಿಎನ್‌ಎಸ್‌ನಲ್ಲಿ ಓಡಾಡುವ ಹೆಸರುಗಳು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳದ್ದು. ಹಾಗಾಗಿ ಕನ್ನಡದ ಹೆಸರನ್ನು ಪ್ಯುನಿಕೋಡ್ ಎಂಬ ಕ್ರಮದಲ್ಲಿ ಆ ಅಕ್ಷರಗಳಿಗೆ ಇಳಿಸುತ್ತಾರೆ. ಕನ್ನಡದ 'ಭಾರತ' ಹೀಗಾಗುತ್ತದೆ: ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ. ಜಾಗ ಬಿಡದೆ ಅಷ್ಟನ್ನೂ ಟೈಪ್ ಮಾಡಿ, ಮುಂದೆ ಎನ್‌ಎಸ್ ಸೇರಿಸಿ ಡಿಗ್ ಕೊಡಿ. .ಭಾರತ ವಲಯದ ನೇಮ್ ಸರ್ವರ್‌ಗಳ ಪಟ್ಟಿ ಬರುತ್ತದೆ.

ಐಡಿಎನ್ (ಬೇರೆ ಲಿಪಿಗಳ ಡೊಮೈನ್ ಹೆಸರು) ಬೆಂಬಲ ಸೇರಿಸಿ ತಯಾರಿಸಿದ ಡಿಗ್ ನಿಮ್ಮ ಹತ್ತಿರ ಇದ್ದರೆ ಈ ಕಷ್ಟವೂ ಇಲ್ಲ. ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ, ಇಷ್ಟು ಕೊಡಿ ಸಾಕು:

ಡಿಗ್ ಭಾರತ ಎನ್‌ಎಸ್

ಡಿಗ್ ಮತ್ತು ಎನ್‌ಎಸ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಭಾರತ ಕನ್ನಡದಲ್ಲೇ. ಉತ್ತರವೂ ಪರದೆಯ ಮೇಲೆ ಕನ್ನಡದಲ್ಲೇ ಮೂಡುತ್ತದೆ.  ಸರ್ವರ್ ಲಾಗ್‌ಗಳಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ ಕಂಡರೆ ಏನೋ ವೈರಸ್ ಅಂದುಕೊಳ್ಳಬೇಡಿ. ನಮ್ಮ ಭಾಷೆಯ ಹೆಸರೇ ಇರಬಹುದು.